ಬಾಸಿನ ಪೆಟ್ಟಿಗೆಯೊಳಗಿನ ಕಂಬಳಿ

ಕಂಬಳಿಗೆ ಮೊಳೆ ಹೊಡೆದದ್ದಕ್ಕೆ ನನ್ನ ದನಿ ಹೋಯಿತಂತೆ. ಬಿ.ದುರ್ಗದಿಂದ ಹಿಡಿದು ಚಿತ್ರದುರ್ಗದ ನಮ್ಮ ಬೀದಿಯವರೆಗೆ ನನ್ನನ್ನು ಬಲ್ಲವರೆಲ್ಲ ಹೇಳುವುದು ಇದನ್ನೇ. ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಹುಡುಗಿ, ಕಾಲೇಜು ಓದಿದ ಸೊಕ್ಕು, ಕಳಸ ಕೂರಿಸುವ ಕಂಬಳಿಯನ್ನು ಸ್ಪೀಕರ್ ಪೆಟ್ಟಿಗೆಯೊಳಗಿಟ್ಟು ಮೊಳೆ ಬಡಿದಳು, ಮದುವೆಮನೆಯ ಹಿರಿಯರು ಕಂಡು ಬಿಡಿಸಿದರು, ಅವತ್ತು ಸಂಜೆಯೇ ಮೈಕಿನ ಮುಂದೆ ಅವಳ ದನಿ ಒಡೆಯಿತು. ಕಥೆ ಚೆನ್ನಾಗಿದೆ. ಕೇಳಿದವರು "ಆಗ್ಲೇಬೇಕು ಬಿಡ್ರಿ" ಎಂದು ತಲೆ ಆಡಿಸುತ್ತಾರೆ.

ಸಿರಿಗೆರೆಯಲ್ಲಿ ಓದುವಾಗ ನಮಗೆ ಚರ್ಚಾಸ್ಪರ್ಧೆ ಕಲಿಸಿದ ಮೇಷ್ಟ್ರು ಒಂದು ಕಟ್ಟುಪಾಡು ಹಾಕಿದ್ದರು. ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಹೇಳಬೇಕು, ಆಮೇಲೆ ಅದಕ್ಕೆ ಕೈ ಹಚ್ಚಬೇಕು. ಹೇಳಿಯಾಯಿತು. ಈಗ ನನ್ನ ಸರದಿ. ಮೊಳೆ ಹೊಡೆದ ಮೇಲೆ, ಕಂಬಳಿ ಪೆಟ್ಟಿಗೆಯೊಳಗೇ ಇದ್ದಾಗ, ನಾನು ಹೊಳಲ್ಕೆರೆಯಲ್ಲಿ ಹಾಡಿದ್ದೆ. ಆಗ ಒಡೆಯದ ದನಿ, ಕಂಬಳಿಯನ್ನು ಮರ್ಯಾದೆಯಿಂದ ಬಿಡಿಸಿ ಮಡಿಸಿಟ್ಟ ಮೇಲೆ ಒಡೆಯಿತು. ದೇವರಿಗೆ ಸಿಟ್ಟು ಮೊಳೆ ಹೊಡೆದಾಗ ಬರಬೇಕಿತ್ತೋ, ಕಿತ್ತಾಗ ಬರಬೇಕಿತ್ತೋ? "ನಿನ್ ಹತ್ರ ಮಾತಾಡಾಕಾಗಲ್ಲ ತಗಾ" ಎಂದು ಎದ್ದು ಹೋದವರು ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಸಣ್ಣ ಆರ್ಕೆಸ್ಟ್ರಾ ಪಾರ್ಟಿ. ಅಕಾರ್ಡಿಯನ್ ನುಡಿಸುವ ಮಾಸ್ಟರು ಅದರ ಯಜಮಾನರು. ಗಣೇಶನನ್ನು ಕೂರಿಸಿದಾಗ, ನವೆಂಬರಿನಲ್ಲಿ ರಾಜ್ಯೋತ್ಸವ ಬಂದಾಗ ನಮಗೆ ಕರೆ ಬರುತ್ತಿತ್ತು. ಉಳಿದಂತೆ ಮದುವೆಮನೆಗಳ ಆರತಕ್ಷತೆ. ಕೆಳಗಿನ ದಪ್ಪ ಸ್ವರಗಳನ್ನಷ್ಟೇ ನುಡಿಸುವ ಬಾಸ್ ಗಿಟಾರು ನನ್ನ ಅಣ್ಣನದು. ಈ ಎಪ್ಪತ್ತರ ದಶಕದಲ್ಲೂ ಅದು ನಮ್ಮ ಕಡೆ ಹೊಸ ವಸ್ತು. ನಾಲ್ಕೇ ತಂತಿ ಕಂಡವರು "ಇನ್ನೆರಡು ಯಾವಾಗ ಕಿತ್ತೋದ್ವು?" ಎಂದು ಅಣ್ಣನನ್ನು ಕೇಳುತ್ತಿದ್ದರು. ಬೆಂಗಳೂರಿನ ಯಾವುದೋ ಪಾರ್ಟಿ ಮುರಿದುಬಿದ್ದಾಗ ಕೈ ಬದಲಾಯಿಸಿ ಬಂದ ಗಿಟಾರು ಅದು. ಆಂಪ್ಲಿಫೈಯರನ್ನು ರೇಡಿಯೋ ರಿಪೇರಿಯವರು ಜೋಡಿಸಿದ್ದರು. ಸ್ಪೀಕರಿನ ಪೆಟ್ಟಿಗೆಯನ್ನು ಮಂಚ, ಬಾಗಿಲು ಮಾಡುವ ಬಡಗಿ ಮಾಸ್ಟರ ಮಾತಿನಂತೆ ಮಾಡಿಕೊಟ್ಟಿದ್ದ. ಮುಂದಿನ ಹಲಗೆ ಸಾಗವಾನಿ, ಪಾಲಿಶ್ ಹೊಡೆದು ಥಳಥಳ ಅನ್ನುತ್ತಿತ್ತು. ಮಗ್ಗಲುಗಳೂ ಹಿಂದಿನ ಮುಚ್ಚಳವೂ ಟೀಪುಡಿ ತುಂಬಿ ಬರುವ ಪೆಟ್ಟಿಗೆಯ ತೆಳು ಪ್ಲೈವುಡ್ಡು. ಜನಕ್ಕೆ ಕಾಣುವುದು ಮುಂದುಗಡೆ ತಾನೇ ಎಂದು ಮಾಸ್ಟರು ಲೆಕ್ಕ ಹಾಕಿದ್ದರು.

ನಾನು ಹಾಡಲು ಹೋಗುತ್ತೇನೆಂದಾಗ ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಅಣ್ಣನ ಮಗ್ಗಲಿಗೇ ನಿಂತು ಹಾಡ್ಬೇಕು. ಅತ್ಲಾಗೆ ಇತ್ಲಾಗೆ ಸರಿಯಂಗಿಲ್ಲ. ಯಾರಾದ್ರೂ ಒಂದ್ ಮಾತಾಡಿದ್ರೆ ಅವತ್ತಿಗೇ ಮುಗೀತು." ಸ್ಟೇಜಿನ ಮೇಲಿರುವುದು ಅಣ್ಣ ತಂಗಿ ಎಂದು ನೋಡಿದ ಕೂಡಲೇ ಜನಕ್ಕೆ ತಿಳಿಯಬೇಕು, ಅಷ್ಟೇ ಅವರ ಆಸೆ. ಆದರೆ ಅಣ್ಣನ ಮಗ್ಗಲಲ್ಲಿ ಅಣ್ಣನ ಪೆಟ್ಟಿಗೆ ಇತ್ತು. ನನ್ನ ಮಾನ ಕಾಯಲು ನನ್ನನ್ನು ನಿಲ್ಲಿಸಿದ ಜಾಗದಲ್ಲಿ ನನಗೆ ನನ್ನ ದನಿಯೇ ಕೇಳುತ್ತಿರಲಿಲ್ಲ.

ಪೆಟ್ಟಿಗೆಯ ಚಾಳಿ ಹೀಗಿತ್ತು. ಅಣ್ಣ ಎಲ್ಲ ಸ್ವರಗಳನ್ನೂ ಒಂದೇ ಜೋರಿಗೆ ನುಡಿಸುತ್ತಿದ್ದ. ಪೆಟ್ಟಿಗೆ ಮಾತ್ರ ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಗುಮ್ಮ್ ಎಂದು ತಾನೇ ಹಾಡತೊಡಗುತ್ತಿತ್ತು. ತಂತಿಯಿಂದ ಬೆರಳು ತೆಗೆದರೂ ನಿಲ್ಲದು. ಪಕ್ಕದ ಸ್ವರಗಳು ಇದ್ದೂ ಇಲ್ಲದ ಹಾಗೆ. ಸ್ಟೇಜು ಅಂದರೆ ಖಾಲಿ ಡಾಂಬರು ಡ್ರಮ್ಮುಗಳ ಮೇಲೆ ಹಾಸಿದ ಹಲಗೆ, ಅದೂ ಇನ್ನೊಂದು ಪೆಟ್ಟಿಗೆಯೇ. ಗುಮ್ಮು ನನ್ನ ಅಂಗಾಲಿನಿಂದ ಹತ್ತಿ ಹಲ್ಲಿನವರೆಗೆ ಬರುತ್ತಿತ್ತು, ನನ್ನ ಮೈಕಿನೊಳಗೂ ನುಗ್ಗುತ್ತಿತ್ತು. ಶ್ರುತಿ ಹಿಡಿಯಲು ಕಿವಿ ಏನನ್ನು ಹಿಡಿಯಬೇಕು? ಆದ್ದರಿಂದ ಕಿರುಚುತ್ತಿದ್ದೆ. ಕಿರುಚಿದರೆ ದನಿ ತೆಳ್ಳಗಾಗುತ್ತದೆ ಎಂದು ಹಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಿರಿಯೂರಿನಲ್ಲಿ ಹಾಡಿ ಇಳಿದಾಗ ಮೆಟ್ಟಿಲ ಬಳಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

"ಪಾಪ, ಬಾಯಿ ಆಡಿಸ್ತೈತೆ ಹುಡ್ಗಿ, ಸದ್ದೇ ಬರ್ತಿಲ್ಲ ಕಣವ್ವ."

"ಉಪಾಸ ಗಿಪಾಸ ಇರ್ಬೇಕು ಬಿಡೆ."

ಅದೇ ಹೊತ್ತಿಗೆ ಅಣ್ಣನ ಸುತ್ತ ಪಡ್ಡೆ ಹುಡುಗರ ಗುಂಪು. "ಏನ್ ಗುಮ್ ಅನ್ಸ್ತೀಯಪ್ಪಾ! ಎದೆಗೇ ಗುದ್ದಿದಂಗಾತು!" ಅಣ್ಣ ಗಿಟಾರಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತ ನಿಂತಿದ್ದ, ಸರಿಮಾಡಿಕೊಳ್ಳುವುದು ಮುಗಿಯುತ್ತಲೇ ಇರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಪಾರ್ಟಿಗೆ ಗುಮ್ ಪಾರ್ಟಿ ಎಂದೇ ಹೆಸರಾಯಿತು. ಮಾಸ್ಟರು ನನಗೆ ಹೇಳಿದ್ದು, "ದನಿ ಬಿಡಮ್ಮಾ ದನಿ. ಮನೇಲಿ ಊಟ ಹಾಕಲ್ವಾ?"

"ಹಾಕ್ತಾರೆ ಮಾಸ್ಟರೇ. ಆ ಪೆಟ್ಟಿಗೆ ಊಟ ಸ್ವಲ್ಪ ಕಡಿಮೆ ಮಾಡಿಸ್ರಿ" ಅಂದೆ.

ನಾನು ಬಿಡದೆ ಹೇಳುತ್ತಲೇ ಇದ್ದದ್ದರಿಂದ ಅವರೂ ಒಂದೆರಡು ಉಪಾಯ ಮಾಡಿದರು. ಪೆಟ್ಟಿಗೆಯ ಮೇಲೆ ಗುಂಡುಕಲ್ಲು ಹೇರಿದರು. ದುರ್ಗದಲ್ಲಿ ಕಲ್ಲಿಗೇನು ಬರ? ಮುಚ್ಚಳದ ಗಡಗಡ ನಿಂತಿತು, ಗುಮ್ಮು ನಿಲ್ಲಲಿಲ್ಲ. ಅಪ್ಪ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಅವರನ್ನು ಕೇಳಿ ಹತ್ತಿ ತಂದು ತುಂಬಿದರು. ವ್ಯಾನು ನಾಲ್ಕು ಹಳ್ಳ ಹಾರುವಷ್ಟರಲ್ಲಿ ಹತ್ತಿಯೆಲ್ಲ ತಳಕ್ಕೆ ಕೂತು ಮುದ್ದೆಯಾಯಿತು. ತಬಲದವರು ಮುಚ್ಚಳ ತೆಗೆದು ನೋಡಿ, "ಪೆಟ್ಟಿಗೆಗೆ ಕಿವಿ ಸೋರ್ತಿತ್ತಾ?" ಎಂದರು. ಎಲ್ಲರೂ ನಕ್ಕರು. ನಗುವಿನೊಂದಿಗೆ ಆ ವಿಷಯವೂ ಮುಗಿಯಿತು. ಅವರಿಗೆ.

ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಲ್ಯಾಬಿನಲ್ಲಿ ನೀರಿರುವ ಗಾಜಿನ ಕೊಳವೆಯ ಬಾಯಿಗೆ ಮಿಡಿದ ಟ್ಯೂನಿಂಗ್ ಫೋರ್ಕ್ ಹಿಡಿದು, ನೀರನ್ನು ಮೇಲೆ ಕೆಳಗೆ ಮಾಡುತ್ತ ಹೋದರೆ, ಯಾವುದೋ ಒಂದು ಮಟ್ಟದಲ್ಲಿ ಕೊಳವೆ ಇದ್ದಕ್ಕಿದ್ದಂತೆ ಕೂಗುತ್ತದೆ. ಒಳಗಿನ ಗಾಳಿಗೆ ತನ್ನದೇ ಒಂದು ಸ್ವರವಿರುತ್ತದೆ, ಹೊರಗಿನಿಂದ ಅದೇ ಸ್ವರ ಬಂದರೆ ಅದು ಎದ್ದು ಕುಣಿಯುತ್ತದೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದವರು ನಮ್ಮ ತರಗತಿಯಲ್ಲಿ ಬಹಳ ಇದ್ದರು. ನಾನು ಮನೆಗೆ ಬಂದು ಅಣ್ಣನ ಮುಂದೆ ಕೂತೆ.

"ಅಣ್ಣಾ, ಕೆಳಗಿನ ಸ್ವರದಿಂದ ಒಂದೊಂದೇ ನುಡಿಸ್ಕೆಂತ ಹೋಗು. ಎಲ್ಲ ಒಂದೇ ಜೋರಿಗೆ."

"ಯಾಕೆ, ನನಗೆ ಪರೀಕ್ಷೆನಾ?"

"ನಿನಗಲ್ಲ, ಪೆಟ್ಟಿಗೆಗೆ."

ಹಿಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡೆ. ಕೆಲವು ಸ್ವರಗಳಿಗೆ ಪ್ಲೈವುಡ್ಡು ಅಂಗೈಯನ್ನು ಕಚ್ಚಿದ ಹಾಗಾಗುತ್ತಿತ್ತು. ಒಳಗೆ ಅಡುಗೆಮನೆಯಲ್ಲಿ ಅದೇ ಸ್ವರಗಳಿಗೆ ತಟ್ಟೆಗಳು ಝಲ್ ಎನ್ನುತ್ತಿದ್ದವು. "ಅದ್ನ ನಿಲ್ಸ್ರೋ, ತಟ್ಟೆ ಎಲ್ಲ ಕುಣಿತಾವೆ!" ಎಂದು ಅವ್ವ ಕೂಗಿದಳು. ಗಿಟಾರಿನ ಕತ್ತಿನ ಮೇಲೆ ಆ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿದೆ. ಎಲ್ಲವೂ ಒತ್ತೊತ್ತಾಗಿ ಒಂದೇ ಕಡೆ ಇದ್ದವು.

"ಅಂದ್ರೆ ನಾನು ಸರಿಯಾಗಿ ನುಡಿಸಲ್ಲ ಅಂತೀಯಾ?" ಅಣ್ಣನ ಮುಖ ಬಿಗಿದಿತ್ತು.

"ನೀನು ಸರಿಯಾಗಿ ನುಡಿಸೋದು ಯಾರಿಗೂ ಕೇಳ್ತಿಲ್ಲ ಅಂತೀನಿ. ಅವರಿಗೆ ಕೇಳೋದು ಇದೊಂದೇ ಗುಮ್ಮು. ಇದನ್ನ ಯಾರು ಬಾರಿಸಿದ್ರೂ ಬರ್ತೈತೆ."

ಅದು ಅವನಿಗೆ ಹಿಡಿಸಿತು ಅಂದುಕೊಂಡೆ.

ಹತ್ತಿ ಕೂರುತ್ತದೆ, ಕೂರದಂಥದ್ದು ಬೇಕು. ಒರಟಾಗಿರಬೇಕು, ದಪ್ಪಗಿರಬೇಕು, ಗಾಳಿ ಅದರೊಳಗೆ ಹೊಕ್ಕು ಸುಸ್ತಾಗಬೇಕು. ನಮ್ಮದು ಕುರಿ ಕಾಯುವವರ ವಂಶ. ಅಪ್ಪ ಪೇಟೆ ಸೇರಿದ್ದರೂ ದೊಡ್ಡಪ್ಪಂದಿರು ಹಿರಿಯೂರಿನ ಕಡೆ ಈಗಲೂ ಕುರಿ ಹಿಂದೆ ಇದ್ದಾರೆ. ನಮ್ಮ ಮನೆಗಳಲ್ಲಿ ಕಂಬಳಿಯನ್ನು ಮಡಿಸಿ ಗದ್ದುಗೆ ಮಾಡಿ ಅದರ ಮೇಲೆ ಕಳಸ ಕೂರಿಸುತ್ತಾರೆ. ಮದುವೆಗೂ ಅದೇ, ದೇವರಿಗೂ ಅದೇ. ಆ ಕಂಬಳಿ ಟ್ರಂಕಿನಲ್ಲಿ ಬೇರೆಯೇ ಇರುತ್ತದೆ, ಅದನ್ನು ಯಾರೂ ಹೊದೆಯುವುದಿಲ್ಲ. ನಾನು ಕೇಳಿದ್ದು ಹೊದೆದು ಹಳತಾದದ್ದನ್ನು. ಊರವರ ಕಥೆಯಲ್ಲಿ ಈ ವ್ಯತ್ಯಾಸವೇ ಇಲ್ಲ. ಅವ್ವ ಮಾತ್ರ ಹಳೆಯದನ್ನು ಕೊಡುವಾಗಲೂ ಹಿಂದೆ ಮುಂದೆ ನೋಡಿದಳು.

"ಕತ್ತರಿ ಮುಟ್ಟಿಸ್ಬ್ಯಾಡ. ಹೊದಿಯಾದಾದ್ರೂ ಕಂಬಳಿ ಕಂಬಳಿನೇ."

ಕತ್ತರಿ ಮುಟ್ಟಿಸಲಿಲ್ಲ. ಇಡಿಯಾಗಿಯೇ ಮಡಿಕೆ ಹಾಕಿ ಹಿಂದಿನ ಮುಚ್ಚಳಕ್ಕೂ ಮಗ್ಗಲುಗಳಿಗೂ ಸಣ್ಣ ಮೊಳೆಗಳಿಂದ ಹಿಡಿಸಿದೆ. ಮುಚ್ಚಳ ನಡುಗದಂತೆ ಮರದ ಅಡ್ಡಪಟ್ಟಿ ಹೊಡೆದೆ. ಸಂದುಗಳಿಗೆ ಮೇಣ ಮೆತ್ತಿದೆ. ಅಣ್ಣ ಮತ್ತೆ ಕೆಳಗಿನಿಂದ ನುಡಿಸುತ್ತ ಬಂದ. ಸೀಮೆಸುಣ್ಣದ ಗುರುತುಗಳು ಬಂದವು, ಹೋದವು. ಪ್ರತಿ ಸ್ವರವೂ ಬೇರೆ ಬೇರೆಯಾಗಿ, ದುಂಡಗೆ, ಬೆರಳು ತೆಗೆದ ಕೂಡಲೇ ನಿಲ್ಲುತ್ತ ಬಂತು. ಅವನು ಇನ್ನೂ ನುಡಿಸುತ್ತಿರುವಾಗಲೇ ಒಳಗಿನಿಂದ ಅವ್ವ ಕೇಳಿದಳು, "ನಿಲ್ಸಿದ್ರಾ?" ನಾವಿಬ್ಬರೂ ನಕ್ಕೆವು. ನಾವು ಜೊತೆಯಾಗಿ ನಕ್ಕದ್ದರಲ್ಲಿ ನನಗೆ ನೆನಪಿರುವ ಕೊನೆಯದು ಅದು.

ಹೊಳಲ್ಕೆರೆಯಲ್ಲಿ ನಾನು ಕಿರುಚಲಿಲ್ಲ. ಕಿರುಚುವ ಅಗತ್ಯವೇ ಬೀಳಲಿಲ್ಲ. ಹಾಡಿನ ಕೊನೆಯ ಸಾಲನ್ನು ಸಣ್ಣಗೆ ಬಿಟ್ಟಾಗಲೂ ಹಿಂದಿನ ಸಾಲಿನವರು ಕತ್ತು ಎತ್ತಿ ಕೇಳುತ್ತಿದ್ದುದು ಕಂಡಿತು. ಒಂದು ಹಾಡನ್ನು ಮತ್ತೊಮ್ಮೆ ಹಾಡಿಸಿದರು. ಇಳಿದಾಗ ಹೆಂಗಸರು ಕೈ ಹಿಡಿದು ಮಾತಾಡಿಸಿದರು. ಅಣ್ಣನ ಸುತ್ತ ಅವತ್ತು ಹುಡುಗರಿರಲಿಲ್ಲ. ಯಾರೋ ಒಬ್ಬ ಬಂದು, "ಯಾಕಪ್ಪಾ, ಮೈ ಹುಷಾರಿಲ್ವಾ? ಬಾರಿಸ್ಲೇ ಇಲ್ಲ?" ಎಂದು ಕೇಳಿ ಹೋದ. ಮಾಸ್ಟರು ಗಂಟಲು ಸರಿಮಾಡಿಕೊಂಡು, "ಗುಮ್ ಪಾರ್ಟಿ ಅಂತ ಕರೆಸ್ತಾರಮ್ಮ. ಗುಮ್ಮೇ ಇಲ್ಲ ಅಂದ್ರೆ ಹೆಂಗೆ?" ಎಂದರು. ವ್ಯಾನಿನಲ್ಲಿ ಅಣ್ಣ ದುರ್ಗ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಆಮೇಲೆ ಬಿ.ದುರ್ಗದ ಮದುವೆ. ನಮ್ಮ ಜನರದೇ ಮನೆ. ದಾರಿಯ ಕುಲುಕಾಟಕ್ಕೆ ಸ್ಪೀಕರಿನ ವೈರು ಬಿಟ್ಟುಹೋಗಿತ್ತು. ಚಪ್ಪರದ ಪಕ್ಕದಲ್ಲೇ ಅಣ್ಣ ಮುಚ್ಚಳ ಬಿಚ್ಚಿ ಕೂತ. ಮದುಮಗಳ ಅಜ್ಜ ಕೋಲೂರಿಕೊಂಡು ನೋಡಲು ಬಂದವರು ಬಗ್ಗಿ ಒಳಗೆ ಇಣುಕಿದರು.

"ಏನಪ್ಪ ಇದು, ಕಂಬಳಿ ಇದ್ದಂಗೈತೆ?"

"ಹೂಂ ಅಜ್ಜಾರೆ."

"ಮೊಳೆ ಹೊಡೆದೀರಲ್ಲೋ! ಯಾರು ಹೊಡೆದೋರು?"

ಅಣ್ಣ ಗದ್ದವನ್ನು ನನ್ನ ಕಡೆ ತಿರುಗಿಸಿದ. ಅಜ್ಜ ನನ್ನ ಮನೆತನ ಕೇಳಿದರು, ಹೇಳಿದೆ. "ನಮ್ಮೋರೇ ಆಗಿ ಹಿಂಗೆ ಮಾಡದಾ ತಾಯಿ?"

"ಅಜ್ಜಾರೆ, ಇದು ಗದ್ದುಗೆ ಕಂಬಳಿ ಅಲ್ಲ, ಹೊದಿಯಾದು. ಕುರಿ ಹಿಂದೆ ಹೋದಾಗ ಇದಕ್ಕೆ ಮುಳ್ಳು ಚುಚ್ಚಲ್ವಾ?"

"ಮುಳ್ಳು ತಾನಾಗೇ ಚುಚ್ತೈತೆ ತಾಯಿ. ಮೊಳೆ ನೀನು ಎತ್ತಿ ಹೊಡೀಬೇಕು."

ಚರ್ಚಾಸ್ಪರ್ಧೆಯಾಗಿದ್ದರೆ ಆ ಮಾತಿಗೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಅವರು ಬೈಯಲಿಲ್ಲ, ಶಾಪ ಹಾಕಲಿಲ್ಲ. ಕಂಬಳಿ ಒಳಗೆ ಏಕೆ ಬೇಕಾಯಿತು ಎಂದು ಕೇಳಿದರು, ಹೇಳಿದೆ, ಕೊನೆಯವರೆಗೆ ಕೇಳಿಸಿಕೊಂಡರು. "ಹಂಗಾದ್ರೆ ಮೆತ್ತಗಿರಾದು ಏನಾದ್ರೂ ಆದೀತಲ್ಲ? ಗೋಣಿಚೀಲ ಕಳಿಸ್ತೀನಿ, ಎಷ್ಟು ಬೇಕೋ ಅಷ್ಟು ತುಂಬ್ಕಳ್ರಿ. ಇದನ್ನ ಮಾತ್ರ ಬಿಡಿಸ್ರಿ." ಕಂಬಳಿ ಬಿಡಿಸಿದ್ದಾಯಿತು. ಅವರೇ ಮಡಿಸಿ ಒಳಗೆ ಕೊಂಡೊಯ್ದರು, ಬೆಳಿಗ್ಗೆ ಹೊರಡುವಾಗ ನಮ್ಮ ಕೈಗೇ ಕೊಟ್ಟರು. ಅವತ್ತು ನನ್ನ ಮಾತನ್ನು ಪೂರ್ತಿ ಕೇಳಿದವರು ಆ ಅಜ್ಜ ಒಬ್ಬರೇ ಎಂದು ಊರ ಕಥೆ ಹೇಳುವವರಿಗೆ ಗೊತ್ತಿಲ್ಲ.

ಗೋಣಿಚೀಲಗಳು ಬಂದವು. ಒಳ್ಳೆಯವೇ, ದಪ್ಪನವೇ. ಸೀರೆ ಬದಲಾಯಿಸಲು ಹೆಂಗಸರು ನನ್ನನ್ನು ಒಳಗೆ ಕರೆಯುತ್ತಿದ್ದರು. "ಅಣ್ಣಾ, ಮಡಿಸಿ ಹಿಂದಕ್ಕೂ ಮಗ್ಗಲಿಗೂ ಹೊಡಿ, ಕಂಬಳಿ ಇದ್ದಂಗೇ" ಅಂದೆ. "ಆತು ಹೋಗು" ಅಂದ.

ಮೊದಲ ಹಾಡಿನ ಮೊದಲ ಸಾಲಿಗೇ ಗುಮ್ಮು ಎದ್ದಿತು. ಅಣ್ಣನ ಕಡೆ ನೋಡಿದೆ. ಅವನು ತಂತಿಗಳನ್ನು ನೋಡುತ್ತಿದ್ದ. ಚಪ್ಪರದ ಹಿಂದುಗಡೆ ನಿಂತ ಹುಡುಗರು ಸಿಳ್ಳೆ ಹೊಡೆದರು. ಆ ಕಡೆಗೆ ಸರಿಯೋಣವೆಂದರೆ ಅಪ್ಪನ ಷರತ್ತು, ಜೊತೆಗೆ ಚಪ್ಪರದ ತುಂಬ ನಮ್ಮ ನೆಂಟರ ಕಣ್ಣು. ನಿಂತಲ್ಲೇ ನಿಂತು ಕೂಗಿದೆ. ಇನ್ನೊಂದು ಹಾಡಿನ ಮೇಲಿನ ಸಾಲಿಗೆ ಬರುವಷ್ಟರಲ್ಲಿ ಗಂಟಲು ಹರಿದ ಬಟ್ಟೆಯಂತಾಯಿತು. ದನಿ ಒಡೆಯಿತು, ನಿಜ. ಅದನ್ನು ನಾನು ಯಾವತ್ತೂ ಇಲ್ಲವೆಂದಿಲ್ಲ. ಮುಂದಿನ ಸಾಲಿನ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು. ಮೊಳೆಯ ಸುದ್ದಿ ಆಗಲೇ ಅಡುಗೆಯವರನ್ನೂ ಮುಟ್ಟಿತ್ತು. ಮಾಸ್ಟರು ನನ್ನ ಕೈಯಿಂದ ಮೈಕು ತೆಗೆದುಕೊಂಡು ಗಂಡಸಿನ ಹಾಡು ಸುರು ಮಾಡಿಸಿದರು.

ಸಾಮಾನು ಕಟ್ಟುವಾಗ ಗೋಣಿಚೀಲಗಳು ಸ್ಟೇಜಿನ ಹಿಂದೆ ಬಿದ್ದಿದ್ದವು. ತಂದವರು ಮಡಿಸಿದ್ದ ಮಡಿಕೆ ಹಾಗೆಯೇ ಇತ್ತು.

"ಟೈಮ್ ಆಗ್ಲಿಲ್ಲ" ಎಂದ ಅಣ್ಣ. ಈ ವಾದ ನಿಲ್ಲುವುದಿಲ್ಲ. ನಾನು ಸೀರೆ ಬದಲಾಯಿಸಿ ಬರುವಷ್ಟರಲ್ಲಿ ಅವನು ತಲೆ ಬಾಚಿಕೊಂಡಿದ್ದ, ಶರ್ಟು ಬದಲಾಯಿಸಿದ್ದ, ಬಾದಾಮಿ ಹಾಲು ಕುಡಿದು ಲೋಟ ಕೆಳಗಿಡುತ್ತಿದ್ದ.

ದುರ್ಗಕ್ಕೆ ನಮಗಿಂತ ಮೊದಲೇ ಸುದ್ದಿ ಬಂದಿತ್ತು. ಅಪ್ಪ ನನ್ನನ್ನು ಕೇಳಲಿಲ್ಲ, ಅಣ್ಣನನ್ನು ಕೇಳಿದರು.

"ಏನಾತಲೇ ಬಿ.ದುರ್ಗದಾಗೆ?"

"ದನಿ ಒಡೀತು."

"ಕಂಬಳಿ ವಿಷಯ ನಿಜವಾ?"

"ನಿಜ."

ಎರಡೂ ಮಾತು ಸತ್ಯ. ಪಕ್ಕ ಪಕ್ಕ ಇಟ್ಟರೆ ಮಾತ್ರ ಸುಳ್ಳು. ಈ ಬಗೆಯ ಸುಳ್ಳನ್ನು ಹಿಡಿಯುವುದನ್ನೇ ನಾನು ವರ್ಷಗಟ್ಟಲೆ ಕಲಿತದ್ದು. ಅದಕ್ಕೆ ಬಂದ ಷೀಲ್ಡುಗಳು ಅಪ್ಪನ ತಲೆಯ ಮೇಲಿನ ಗೂಡಿನಲ್ಲೇ ಇದ್ದವು. "ಅಪ್ಪಾ, ಪೆಟ್ಟಿಗೆಯೊಳಗೆ ಏನೂ..." ಎಂದು ಬಾಯಿ ತೆರೆದೆ. "ನೀನು ಸುಮ್ಕಿರು. ಸಾಕು ಸ್ಟೇಜು" ಎಂದರು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನು ಬಾಗಿಲಲ್ಲಿ ಒಂದು ಗಳಿಗೆ ನಿಂತು ಇನ್ನೊಂದೇ ವಾಕ್ಯ ಸೇರಿಸಿದ್ದರೆ ನಾನು ಇವತ್ತಿಗೂ ಹಾಡುತ್ತಿದ್ದೆ. ಅಪ್ಪ ನನ್ನ ವಾದವನ್ನು ನಂಬುವವರಲ್ಲ, ಮಗನ ಸಾಕ್ಷಿಯನ್ನು ನಂಬುವವರು. ಅದು ಅವನಿಗೂ ಗೊತ್ತಿತ್ತು.

ಈ ಸಲ ರಾಜ್ಯೋತ್ಸವಕ್ಕೆ ನಾನು ಹೊಸದುರ್ಗದ ಚಿಕ್ಕಮ್ಮನ ಮನೆಯಲ್ಲಿದ್ದೆ. ಗುಮ್ ಪಾರ್ಟಿ ಬಂದಿದೆ ಎಂದು ಅವರ ಮನೆಯವರೆಲ್ಲ ಹೊರಟರು, ನಾನೂ ಹೋಗಿ ಹೆಂಗಸರ ನಡುವೆ ನಿಂತೆ. ದಾವಣಗೆರೆಯ ಹೊಸ ಗಾಯಕಿ ಸ್ಟೇಜಿನ ಆ ತುದಿಯಲ್ಲಿ, ಅಕಾರ್ಡಿಯನ್ನಿನ ಪಕ್ಕ ನಿಂತಿದ್ದಳು. ಚೆನ್ನಾಗಿ ಹಾಡಿದಳು. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ನಾನು ಕಾದದ್ದು ಗುಮ್ಮಿಗೆ. ಅದು ಬರಲೇ ಇಲ್ಲ. ಬಾಸು ಬಿಡಿ ಬಿಡಿಯಾಗಿ, ದುಂಡಗೆ, ಅವಳ ದನಿಯ ಕೆಳಗೆ ಮೆಟ್ಟಿಲು ಕಟ್ಟಿದ ಹಾಗೆ ನಡೆಯುತ್ತಿತ್ತು. ಅಣ್ಣ ನಿಜಕ್ಕೂ ಒಳ್ಳೆಯ ಕೈ ಎಂದು ಜನಕ್ಕೆ ಕೇಳುತ್ತಿತ್ತು. ನನಗೂ ಕೇಳಿತು.

ಮುಗಿದ ಮೇಲೆ ಸ್ಟೇಜಿನ ಹಿಂದೆ ಹೋದೆ. ಅಣ್ಣ ವೈರು ಸುತ್ತುತ್ತಿದ್ದ. ನನ್ನನ್ನು ಕಂಡು, "ಊಟ ಆತಾ? ಚಿಕ್ಕಮ್ಮ ಬಂದಾಳೇನು?" ಎಂದ. ನಾನು ಪೆಟ್ಟಿಗೆಯ ಬೆನ್ನಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದೆ. ಡಬ್ ಎಂದಿತು, ಅಷ್ಟೇ.

"ಸ್ಪಂಜು ಹಾಕೀವಿ" ಎಂದ ಅಣ್ಣ. "ಹಿಂಗೆ ಗುಮ್ ಅಂದ್ರೆ ನಾನು ಹಾಡಲ್ಲ ಅಂದ್ಲು ಆಯಮ್ಮ, ಬಂದ ಮೊದಲ್ನೇ ದಿನಾನೇ."

"ಯಾರು ಹಾಕಿದ್ದು?"

"ನಾನೇ. ಕುಂತು ಹಾಕ್ದೆ. ಎಲ್ಲ ಮಗ್ಗಲಿಗೂ." ದನಿಯಲ್ಲಿ ಹೆಮ್ಮೆಯೂ ಇತ್ತು. ಮಾತಿನ ನಡುವೆ ಅವನ ಕೈ ನಿಂತಿತು. ಮತ್ತೆ ವೈರು ಸುತ್ತತೊಡಗಿದ, ಸುತ್ತಿದ್ದನ್ನು ಬಿಚ್ಚಿ ಮೊದಲಿನಿಂದ.

"ಅಣ್ಣಾ, ಆಯಮ್ಮ ಒಂದ್ ಮಾತು ಅಂದಿದ್ದಕ್ಕೆ ಹಾಕ್ದೆ. ನಾನು ಮನೆ ತುಂಬ ಬಡ್ಕಂಡಿದ್ದೆ. ಬಿ.ದುರ್ಗದಾಗೆ ಅವತ್ತು ಖಾಲಿ ಪೆಟ್ಟಿಗೆ ಮುಚ್ಚಿ ನನ್ನ ಮಗ್ಗಲಿಗೆ ಬಂದು ನಿಂತ್ಕಂಡೆಯಲ್ಲ, ನನ್ ದನಿ ಜನಕ್ಕೆ ಕೇಳ್ದಿದ್ರೆ ನಿಂಗೆ ಏನು ಸಿಗ್ತಿತ್ತು?"